ನನ್ನ ರಕ್ತದಲ್ಲಿ ಆ ಬಾಗಿಲು ಇಲ್ವಾ, ಡಾಕ್ಟರೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳ ಸಾಕುತ್ತೇವೆ. ನಮ್ಮ ಯಜಮಾನರಿಗೆ ಎಚ್‌ಐವಿ ಇದೆ ಅಂತ ಗೊತ್ತಾಗಿ ಎಂಟು ವರ್ಷ ಆಯ್ತು. ಅವತ್ತಿನಿಂದ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ. ನನಗೆ ಎಷ್ಟು ಸಲ ಟೆಸ್ಟ್ ಮಾಡಿಸಿದರೂ ನೆಗೆಟಿವ್ ಬರುತ್ತಿದೆ. ನಮ್ಮತ್ತೆ ‘ನಿನ್ನ ರಕ್ತ ಗಟ್ಟಿ’ ಅಂತಾರೆ. ಅಕ್ಕನ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಕೆಲವರ ರಕ್ತದಲ್ಲಿ ಎಚ್‌ಐವಿ ಒಳಗೆ ಬರೋ ಬಾಗಿಲೇ ಇರಲ್ಲವಂತೆ, ಅದಕ್ಕೆ ಸಿಸಿಆರ್5 ಅಂತ ಹೆಸರಂತೆ. ಅಂಥವರ ಮಜ್ಜೆ ಹಾಕಿ ಕಾಯಿಲೆ ಪೂರ್ತಿ ವಾಸಿ ಮಾಡಿದ್ದಾರಂತೆ. ನನಗೂ ಆ ಬಾಗಿಲು ಇಲ್ಲದೆ ಇರಬಹುದಾ? ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಟೆಸ್ಟ್ ಮಾಡ್ತಾರಂತೆ. ಮಾಡಿಸಲಾ? ನನ್ನ ಮಜ್ಜೆ ಅವರಿಗೆ ಕೊಡಬಹುದಾ? ಹೆಸರು ಹಾಕಬೇಡಿ.

ಉತ್ತರ: ಅಮ್ಮಾ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಆ ಬಾಗಿಲು ಇದೆ. ಪರೀಕ್ಷೆ ಮಾಡದೆ ನೂರಕ್ಕೆ ನೂರು ಅನ್ನುವ ಹಾಗಿಲ್ಲ, ನಿಜ. ಆದರೆ ಪಂದ್ಯ ಕಟ್ಟು ಅಂದರೆ ಕಟ್ಟುತ್ತೇನೆ. ನಿಮ್ಮನ್ನು ಎಂಟು ವರ್ಷ ಕಾಪಾಡಿರುವುದು ನಿಮ್ಮ ರಕ್ತವಲ್ಲ, ಯಜಮಾನರು ದಿನಾ ರಾತ್ರಿ ನುಂಗುವ ಮಾತ್ರೆ. ಬೆಂಗಳೂರಿನ ಟೆಸ್ಟಿಗೆ ದುಡ್ಡು ಹಾಕಬೇಡಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಅಕ್ಕನ ಮಗ ತೋರಿಸಿದ ವಿಡಿಯೊದಲ್ಲಿ ಸುಳ್ಳು ಜಾಸ್ತಿ ಇಲ್ಲ. ಅರ್ಧ ನಿಜ ಇದೆ. ಅರ್ಧ ನಿಜವನ್ನು ಬಿಡಿಸಿ ಹೇಳದಿದ್ದರೆ ಅದು ಸುಳ್ಳಿಗಿಂತ ಹೆಚ್ಚು ಕಾಟ ಕೊಡುತ್ತದೆ. ಇದು ನನಗೆ ಹೇಗೆ ಗೊತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಬಾಗಿಲು ಅನ್ನುವ ಮಾತೇ ನನಗೆ ಅಷ್ಟು ಸರಿ ಕಾಣುವುದಿಲ್ಲ. ಕಳ್ಳ ಬರಲಿ ಅಂತ ಯಾರಾದರೂ ಬಾಗಿಲು ಇಡುತ್ತಾರಾ? ಸಿಸಿಆರ್5 ಇರುವುದು ಎಚ್‌ಐವಿಗೋಸ್ಕರ ಅಲ್ಲ. ಅದು ನಮ್ಮ ಬಿಳಿ ರಕ್ತಕಣದ ಮೂಗು.

ಹುಳ ಸಾಕುವವರಿಗೆ ಇದನ್ನು ಹೇಳುವುದು ಸುಲಭ. ತಟ್ಟೆಯಲ್ಲಿ ಹಿಕ್ಕೆ, ಒಣಗಿದ ಸೊಪ್ಪು ತುಂಬಿಕೊಂಡಾಗ ನೀವು ಏನು ಮಾಡುತ್ತೀರಿ? ಮೇಲೆ ಬಲೆ ಹಾಸಿ ಹೊಸ ಸೊಪ್ಪು ಹಾಕುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಹುಳಗಳು ಒಂದೊಂದೇ ಬಲೆಯ ಕಣ್ಣಿನಿಂದ ಮೇಲೆ ಹತ್ತಿ ಬರುತ್ತವೆ. ಯಾರೂ ಎತ್ತಿಡಬೇಕಾಗಿಲ್ಲ. ಹಿಪ್ಪುನೇರಳೆ ಸೊಪ್ಪಿನ ವಾಸನೆಯೇ ಅವನ್ನು ಕರೆಯುತ್ತದೆ. ವಾಸನೆ ಎತ್ತ ಜಾಸ್ತಿಯೋ ಅತ್ತ ತಲೆ ತಿರುಗಿಸುತ್ತವೆ.

ನಿಮ್ಮ ಬೆರಳಿಗೆ ಮುಳ್ಳು ಚುಚ್ಚಿದಾಗಲೂ ನಡೆಯುವುದು ಇದೇ. ಗಾಯದ ಜಾಗದ ಕಣಗಳು ಒಂದು ಬಗೆಯ ಪುಟ್ಟ ಪ್ರೋಟೀನ್ ಬಿಡುತ್ತವೆ. ಅದಕ್ಕೆ ಕೀಮೋಕೈನ್ ಅಂತ ಹೆಸರು. ರಕ್ತದಲ್ಲಿ ಹರಿದು ಹೋಗುತ್ತಿದ್ದ ಬಿಳಿ ಕಣಗಳು ಅದರ ‘ವಾಸನೆ’ ಹಿಡಿದು, ರಕ್ತನಾಳದ ಗೋಡೆಯಲ್ಲಿ ನುಸುಳಿ, ಗಾಯದ ಕಡೆ ನಡೆದುಕೊಂಡು ಬರುತ್ತವೆ. ಹಾಗೆ ಬಂದವೇ ಬೆರಳು ಕೆಂಪಗೆ ಊದುವುದಕ್ಕೂ ಕೀವು ಕಟ್ಟುವುದಕ್ಕೂ ಕಾರಣ. ಮನುಷ್ಯನ ಮೈಯಲ್ಲಿ ಇಂಥ ವಾಸನೆಗಳು ಸುಮಾರು 50 ಬಗೆ ಇವೆ, ಅವನ್ನು ಹಿಡಿಯುವ ಮೂಗುಗಳು 20ರಷ್ಟು. ಆ ಮೂಗುಗಳಿಗೆ ಕೀಮೋಕೈನ್ ರಿಸೆಪ್ಟರ್ ಅನ್ನುತ್ತಾರೆ. ಸಿಸಿಆರ್5 ಅವುಗಳಲ್ಲಿ ಒಂದು. ಇದು ಕಣದ ಪೊರೆಯಲ್ಲಿ ಏಳು ಸಲ ಸೂಜಿ ಹಾಕಿ ಹೊಲಿದ ದಾರದಂತೆ ಕೂತಿರುವ ಪ್ರೋಟೀನ್. ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ಹೊರಗೆ ವಾಸನೆ ತಗಲಿದರೆ ಒಳಗೆ ‘ನಡಿ’ ಅಂತ ಸೂಚನೆ ಹೋಗುತ್ತದೆ.

ಎಚ್‌ಐವಿ ಈ ಮೂಗನ್ನೇ ಹಿಡಿಯುತ್ತದೆ. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಅನ್ನುವ ಗಾದೆ ಇದೆಯಲ್ಲ, ಹಾಗೆ.

ಅದು ಒಳಗೆ ಬರುವ ಬಗೆ ನೋಡಿ. ವೈರಸ್ಸಿನ ಮೈಮೇಲೆ ಜಿಪಿ120 ಅನ್ನುವ ಪ್ರೋಟೀನಿನ ಗುಬುಟುಗಳಿರುತ್ತವೆ. ಮೊದಲು ಅದು ನಮ್ಮ ಟಿ ಕಣ ಅನ್ನುವ ಬಿಳಿ ರಕ್ತಕಣದ ಮೇಲಿನ ಸಿಡಿ4 ಅನ್ನುವ ಪ್ರೋಟೀನಿಗೆ ಅಂಟುತ್ತದೆ. ನೀವು ಎಆರ್‌ಟಿ ಕೇಂದ್ರದಲ್ಲಿ ‘ಸಿಡಿ4 ಎಷ್ಟಿದೆ’ ಅಂತ ಕೇಳಿರುತ್ತೀರಿ, ಅದೇ ಸಿಡಿ4. ಅಂಟಿದ ಕೂಡಲೇ ಜಿಪಿ120 ಮೈ ತಿರುಚಿಕೊಳ್ಳುತ್ತದೆ. ಅದುವರೆಗೆ ಬಚ್ಚಿಟ್ಟಿದ್ದ ಒಂದು ಭಾಗ ಹೊರಗೆ ಚಾಚಿ ಸಿಸಿಆರ್5 ಅನ್ನು ಹಿಡಿಯುತ್ತದೆ. ಆಗ ಅದರ ಕೆಳಗಿದ್ದ ಜಿಪಿ41 ಅನ್ನುವ ಇನ್ನೊಂದು ತುಂಡು ಈಟಿಯಂತೆ ಕಣದ ಪೊರೆಗೆ ನಾಟಿ, ಆಮೇಲೆ ಮಡಚಿಕೊಂಡು, ಎರಡು ಪೊರೆಗಳನ್ನೂ ಎಳೆದು ಒಂದು ಮಾಡುತ್ತದೆ. ವೈರಸ್ಸಿನ ಸರಕು ಒಳಗೆ ಸುರಿಯುತ್ತದೆ. ಸಿಡಿ4 ಒಂದೇ ಇದ್ದರೆ ಸಾಲದು, ಮೂಗೂ ಕೈಗೆ ಸಿಗಬೇಕು.

ಇದು ತಿಳಿಯುವುದಕ್ಕೆ ವಿಜ್ಞಾನಿಗಳಿಗೇ ಹನ್ನೆರಡು ವರ್ಷ ಹಿಡಿಯಿತು. ಸಿಡಿ4 ವಿಷಯ 1984ರಲ್ಲೇ ಗೊತ್ತಾಗಿತ್ತು. 1986ರಲ್ಲಿ ಮನುಷ್ಯರ ಸಿಡಿ4 ಅನ್ನು ಇಲಿಯ ಕಣಗಳಿಗೆ ಹಾಕಿ ನೋಡಿದರು. ವೈರಸ್ ಅಂಟಿತು, ಆದರೆ ಒಳಗೆ ಹೋಗಲಿಲ್ಲ. ಇನ್ನೇನೋ ಒಂದು ಬೇಕು ಅಂತ ಎಲ್ಲರಿಗೂ ಅನುಮಾನ. ಏನು ಅಂತ ಗೊತ್ತಿಲ್ಲ. ನಾನು ಓದುವ ಕಾಲಕ್ಕೆ ಮೇಷ್ಟ್ರು ಹಲಗೆಯ ಮೇಲೆ ಸಿಡಿ4 ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕುತ್ತಿದ್ದರು.

ಸುಳಿವು ಬಂದದ್ದು ಬೇರೆ ದಿಕ್ಕಿನಿಂದ. ಕೆಲವು ಸೋಂಕಿತರ ಸಿಡಿ8 ಅನ್ನುವ ಬಿಳಿ ಕಣಗಳು ಏನನ್ನೋ ಬಿಡುತ್ತವೆ, ಅದು ಎಚ್‌ಐವಿಯನ್ನು ತಡೆಯುತ್ತದೆ ಅಂತ ಮೊದಲೇ ಗೊತ್ತಿತ್ತು. 1995ರ ಡಿಸೆಂಬರಿನಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೊ ಅವರ ಗುಂಪು ಅದರಲ್ಲಿ ಮೂರು ಪದಾರ್ಥಗಳನ್ನು ಗುರುತಿಸಿತು. ಮೂರೂ ಕೀಮೋಕೈನ್‌ಗಳೇ! ಯಾವ ವಾಸನೆಗೆ ಸಿಸಿಆರ್5 ಮೂಗು ಅರಳುತ್ತದೋ ಅದೇ ವಾಸನೆಗಳು. ಮೂಗಿನ ತುಂಬಾ ಅವೇ ಕೂತರೆ ವೈರಸ್ಸಿಗೆ ಹಿಡಿಯಲು ಜಾಗ ಇಲ್ಲ. ಜೊತೆಗೆ, ವಾಸನೆ ಸಿಕ್ಕಿದ ಮೂಗನ್ನು ಕಣ ಸ್ವಲ್ಪ ಹೊತ್ತು ಒಳಗೆ ಎಳೆದುಕೊಂಡುಬಿಡುತ್ತದೆ. ಅಲ್ಲಿಂದ ಮುಂದೆ ಓಟ. 1996ರ ಮೇನಲ್ಲಿ ಎಡ್ವರ್ಡ್ ಬರ್ಗರ್ ಅವರ ಲ್ಯಾಬ್ ಸಿಎಕ್ಸ್‌ಸಿಆರ್4 ಅನ್ನುವ ಇನ್ನೊಂದು ಮೂಗನ್ನು ಹಿಡಿಯಿತು. ಜೂನ್‌ನಲ್ಲಿ ಐದು ಗುಂಪುಗಳು ಹೆಚ್ಚುಕಡಿಮೆ ಒಟ್ಟಿಗೇ ಸಿಸಿಆರ್5 ಅಂತ ಕೂಗಿದವು.

ಅದೇ ಆಗಸ್ಟಿನಲ್ಲಿ ನಿಮ್ಮ ವಿಡಿಯೊದ ಕಥೆ ಶುರುವಾಗುತ್ತದೆ. ಪದೇ ಪದೇ ಎಚ್‌ಐವಿಗೆ ಒಡ್ಡಿಕೊಂಡರೂ ಸೋಂಕು ತಗಲದ ಇಬ್ಬರು ಗಂಡಸರ ರಕ್ತ ಪರೀಕ್ಷೆ ಮಾಡಿದರು. ಅವರ ಸಿಸಿಆರ್5 ಜೀನಿನಲ್ಲಿ 32 ಅಕ್ಷರಗಳು ಬಿಟ್ಟುಹೋಗಿದ್ದವು. ಹಾಗಾಗಿ ಮೂಗು ಅರ್ಧಂಬರ್ಧ ತಯಾರಾಗಿ ಕಣದ ಒಳಗೇ ಉಳಿಯುತ್ತಿತ್ತು, ಹೊರಗೆ ಬರುತ್ತಲೇ ಇರಲಿಲ್ಲ. ಇದಕ್ಕೆ ಡೆಲ್ಟಾ32 ಅನ್ನುತ್ತಾರೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಪ್ರತಿ ಹೀಗೇ ಬಂದಿದ್ದರೆ ಸಾಮಾನ್ಯ ಎಚ್‌ಐವಿ ತಗಲುವುದಿಲ್ಲ. ಒಂದೇ ಪ್ರತಿ ಇದ್ದರೆ ತಗಲುತ್ತದೆ, ಕಾಯಿಲೆ ಮಾತ್ರ ನಿಧಾನ.

ಇಲ್ಲಿಯವರೆಗೆ ವಿಡಿಯೊ ಸರಿ. ಅದು ಹೇಳದೆ ಬಿಟ್ಟದ್ದು ಇಷ್ಟು: ಈ ಬದಲಾವಣೆ ಇರುವುದು ಮುಖ್ಯವಾಗಿ ಯೂರೋಪಿನ ಮೂಲದವರಲ್ಲಿ. ಅಲ್ಲೂ ಉತ್ತರದ ಕಡೆಯವರಲ್ಲಿ ಎರಡೂ ಪ್ರತಿ ಸಿಗುವುದು ನೂರಕ್ಕೆ ಒಬ್ಬರಲ್ಲಿ. ಆಫ್ರಿಕಾದ, ಪೂರ್ವ ಏಷ್ಯಾದ ಜನರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನಮ್ಮಲ್ಲಿ ಒಂದು ಪ್ರತಿ ಇರುವವರೇ ಬಹಳ ಅಪರೂಪ. ಎರಡು ಪ್ರತಿ ಇರುವವರನ್ನು ಶಿಡ್ಲಘಟ್ಟದಲ್ಲಿ ಹುಡುಕುವುದು ಅಂದರೆ ಗೂಡಿನ ಮಾರುಕಟ್ಟೆಗೆ ಒಂದು ದಿನ ಬಂದ ಅಷ್ಟೂ ಗೂಡಿನಲ್ಲಿ ಒಂದನ್ನು ಆರಿಸಿದ ಹಾಗೆ. ಪಂದ್ಯ ಕಟ್ಟುತ್ತೇನೆ ಅಂದದ್ದು ಇದಕ್ಕೇ.

ಹಾಗಾದರೆ ನಿಮಗೆ ಯಾಕೆ ತಗಲಲಿಲ್ಲ?

ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ ಇರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ಹೋಗುವುದಿಲ್ಲ. ಇದು ಧೈರ್ಯ ತುಂಬುವ ಮಾತಲ್ಲ, ಲೆಕ್ಕ ಹಾಕಿ ನೋಡಿದ ಸಂಗತಿ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳನ್ನು ಭಾರತವೂ ಸೇರಿ ಒಂಬತ್ತು ದೇಶಗಳಲ್ಲಿ ಹಿಂಬಾಲಿಸಿದರು. ಬೇಗ ಮಾತ್ರೆ ಶುರು ಮಾಡಿದರೆ ಸಂಗಾತಿಗೆ ಹರಡುವುದು 96% ಕಡಿಮೆಯಾಗುತ್ತದೆ ಅಂತ 2011ರಲ್ಲಿ ಹೇಳಿದರು. ಯೂರೋಪಿನಲ್ಲಿ ನಡೆದ ಇನ್ನೊಂದು ಅಧ್ಯಯನದ ಫಲ 2016ರಲ್ಲಿ ಬಂತು. ಸೋಂಕಿತರ ವೈರಲ್ ಲೋಡ್, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿನ ವೈರಸ್ ಎಣಿಕೆ, 200ಕ್ಕಿಂತ ಕಡಿಮೆ ಇರುವ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದರು. ಸಂಗಾತಿಯಿಂದ ಸಂಗಾತಿಗೆ ಹೋದ ಸೋಂಕು ಒಂದೂ ಇಲ್ಲ. ಸೊನ್ನೆ.

ನಮ್ಮ ದೇಶದಲ್ಲಿ ಎಆರ್‌ಟಿಯನ್ನು 2004ರ ಏಪ್ರಿಲಿನಿಂದ ಸರ್ಕಾರವೇ ಉಚಿತವಾಗಿ ಕೊಡುತ್ತಿದೆ. ಮೊದಲು ಸಿಡಿ4 ಇಷ್ಟಕ್ಕೆ ಇಳಿಯಲಿ ಅಂತ ಕಾಯಿಸುತ್ತಿದ್ದರು. 2017ರಿಂದ ಆ ಕಾಯುವಿಕೆ ತಪ್ಪಿತು, ಪಾಸಿಟಿವ್ ಬಂದ ಕೂಡಲೇ ಮಾತ್ರೆ. ನಿಮ್ಮ ಯಜಮಾನರಿಗೆ ಗೊತ್ತಾದದ್ದು ಅದರ ನಂತರ ಅನ್ನುವುದು ನಿಮ್ಮ ಅದೃಷ್ಟವೇ. ಅವರಿಗೆ ಸೋಂಕು ತಗಲಿದ ದಿನದಿಂದ ಮಾತ್ರೆ ಶುರುವಾಗುವವರೆಗಿನ ಅವಧಿಯಲ್ಲಿ ನೀವು ಪಾರಾದದ್ದೂ ಅದೃಷ್ಟವೇ. ಮಾತ್ರೆ ತಗೊಳ್ಳದ ಗಂಡನಿಂದ ಹೆಂಡತಿಗೆ ಒಂದು ಸಲದ ಸಂಪರ್ಕದಲ್ಲಿ ತಗಲುವ ಸಾಧ್ಯತೆ 10,000ಕ್ಕೆ ಸುಮಾರು 8. ಕಡಿಮೆ ಅನಿಸುತ್ತದೆ ಅಲ್ವಾ? ಸಂಸಾರ ಅಂದರೆ ಒಂದು ಸಲದ ಮಾತಲ್ಲ, ವರ್ಷಗಟ್ಟಲೆ ಕೂಡುತ್ತಾ ಹೋಗುತ್ತದೆ. ಅಲ್ಲದೆ ಸೋಂಕು ಹೊಸದಾಗಿದ್ದಾಗ, ಕೆಳಗೆ ಹುಣ್ಣು ಇದ್ದಾಗ, ಅದು ಎಷ್ಟೋ ಪಟ್ಟು ಏರುತ್ತದೆ.

ಹುಣ್ಣಿನ ಮಾತು ಬಂದದ್ದರಿಂದ ಮತ್ತೆ ಮೂಗಿಗೇ ಬರೋಣ. ಹೆಂಗಸರಿಗೆ ಕೆಳಗೆ ಹುಣ್ಣೋ, ವಾಸನೆ ಬರುವ ಬಿಳಿ ಸೆರಗೋ ಆದಾಗ ಆ ಜಾಗ ಕೀಮೋಕೈನ್ ಬಿಡುತ್ತದೆ. ಸಿಸಿಆರ್5 ಇರುವ ಟಿ ಕಣಗಳು ಗುಂಪಾಗಿ ಅಲ್ಲಿಗೆ ಬರುತ್ತವೆ. ಬಂದದ್ದು ಕಾಪಾಡುವುದಕ್ಕೆ. ಎಚ್‌ಐವಿಗೆ ಬೇಕಾದದ್ದೂ ಆ ಕಣಗಳೇ. ಬಲೆಯ ಮೇಲೆ ಸೊಪ್ಪು ಹಾಕಿ ಹುಳ ಸೇರಿಸಿದ ಹಾಗೆ ಆಯ್ತು. ಈ ಜಾಣತನ ಎಚ್‌ಐವಿಯನ್ನು ಬೇರೆ ರೋಗಾಣುಗಳಿಂದ ಬೇರೆ ಮಾಡುತ್ತದೆ: ನಮ್ಮ ಪಡೆ ಎಷ್ಟು ಜೋರಾಗಿ ಬರುತ್ತದೋ ಅದಕ್ಕೆ ಅಷ್ಟು ಊಟ. ಅದಕ್ಕೇ ಹೇಳುವುದು, ಇಂಥ ತೊಂದರೆ ಇದ್ದರೆ ನಾಚಿಕೆ ಬಿಟ್ಟು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಔಷಧಿ ಸುಲಭದ್ದು.

ಕರುಳಿನಲ್ಲೂ ಇದೇ ಕಥೆ. ಮೈಯಲ್ಲಿರುವ ಟಿ ಕಣಗಳಲ್ಲಿ ದೊಡ್ಡ ಪಾಲು ಇರುವುದು ರಕ್ತದಲ್ಲಲ್ಲ, ಕರುಳಿನ ಗೋಡೆಯಲ್ಲಿ. ಅವುಗಳಲ್ಲಿ ಹೆಚ್ಚಿನವಕ್ಕೆ ಸಿಸಿಆರ್5 ಇದೆ. ಸೋಂಕಿನ ಮೊದಲ ಕೆಲವು ವಾರಗಳಲ್ಲೇ ವೈರಸ್ ಅಲ್ಲಿ ಲೂಟಿ ಮಾಡಿಬಿಟ್ಟಿರುತ್ತದೆ. ತೋಳಿನಿಂದ ತೆಗೆದ ರಕ್ತದ ಸಿಡಿ4 ಎಣಿಕೆಯಲ್ಲಿ ಆ ನಷ್ಟ ಕಾಣುವುದೇ ಇಲ್ಲ. ಮಾತ್ರೆ ಬೇಗ ಶುರು ಮಾಡಿ ಅಂತ ನಾವು ಬಡಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗ ನನ್ನ ತಪ್ಪಿನ ವಿಷಯ. 1998ರ ಸುಮಾರಿಗೆ ನಾನು ಈ ಸೀಮೆಯದೇ ಒಂದು ಲ್ಯಾಬಿನಲ್ಲಿದ್ದೆ. ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರ್ ಮತ್ತು ಅವರ ಹೆಂಡತಿ ಬರುತ್ತಿದ್ದರು. ಅವರಿಗೆ ಪಾಸಿಟಿವ್, ಆಕೆಗೆ ಮೂರು ಸಲವೂ ನೆಗೆಟಿವ್. ಆಗ ಉಚಿತ ಮಾತ್ರೆ ಇರಲಿಲ್ಲ. ನಾನು ಡೆಲ್ಟಾ32 ವಿಷಯ ಆಗ ತಾನೇ ಓದಿದ್ದೆ, ಹೇಳುವ ಚಪಲ. ‘ನಿಮಗೆ ಅದು ತಗಲದ ರಕ್ತವೇ ಇರಬಹುದೇನೋ ಅಮ್ಮಾ’ ಅಂದೆ. ಸುಮ್ನೆ ಅಂದೆ. ಆಕೆ ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ಪರೀಕ್ಷೆಗೆ ಬರುವುದು ನಿಲ್ಲಿಸಿದರು, ಕಾಂಡೋಮೂ ನಿಲ್ಲಿಸಿದರು. ಎರಡು ವರ್ಷದ ಮೇಲೆ ಜ್ವರ ಅಂತ ಬಂದಾಗ ಆಕೆಯದೂ ಪಾಸಿಟಿವ್. ‘ನೀವೇ ಹೇಳಿದ್ರಲ್ಲ ಸಾರ್’ ಅಂದರು. ಜಗಳದ ದನಿಯಲ್ಲಿ ಅಲ್ಲ. ಆವತ್ತಿನಿಂದ ಯಾರಿಗೂ ‘ಗಟ್ಟಿ ರಕ್ತ’ ಅನ್ನುವ ಮಾತು ಹೇಳಿಲ್ಲ. ನಿಮ್ಮ ಅತ್ತೆಗೂ ಹೇಳಿ, ಅವರ ಆಶೀರ್ವಾದ ಇರಲಿ, ಆ ಮಾತು ಬೇಡ.

ಇನ್ನು ಮಜ್ಜೆ. ನಿಮ್ಮ ಪತ್ರದಲ್ಲಿ ಈ ಸಾಲನ್ನು ನಾನು ಎರಡು ಸಲ ಓದಿದೆ.

ವಿಡಿಯೊದಲ್ಲಿ ಬಂದವರು ಟಿಮೊತಿ ರೇ ಬ್ರೌನ್ ಇರಬೇಕು. ಬರ್ಲಿನ್‌ನಲ್ಲಿದ್ದ ಅಮೆರಿಕದವರು. ಎಚ್‌ಐವಿ ಜೊತೆಗೆ ರಕ್ತದ ಕ್ಯಾನ್ಸರ್ ಬಂತು. ಕ್ಯಾನ್ಸರಿಗೆ ಹೇಗೂ ರಕ್ತಕಣ ಹುಟ್ಟಿಸುವ ಮೂಳೆಯ ಮಜ್ಜೆ ಬದಲಿಸಬೇಕಿತ್ತು. ಡಾಕ್ಟರ್ ಗೆರೊ ಹ್ಯೂಟರ್ ಒಂದು ಉಪಾಯ ಮಾಡಿದರು: ಹೊಂದುವ ದಾನಿಗಳ ಪಟ್ಟಿಯಲ್ಲಿ ಡೆಲ್ಟಾ32 ಎರಡೂ ಪ್ರತಿ ಇರುವವರನ್ನು ಹುಡುಕಿದರು. 2007ರಲ್ಲಿ ಒಮ್ಮೆ, ಕ್ಯಾನ್ಸರ್ ಮರುಕಳಿಸಿ 2008ರಲ್ಲಿ ಇನ್ನೊಮ್ಮೆ ಮಜ್ಜೆ ಹಾಕಿದರು. ಮಾತ್ರೆ ನಿಲ್ಲಿಸಿದರೂ ಎಚ್‌ಐವಿ ವಾಪಸು ಬರಲಿಲ್ಲ. ಆದರೆ ಆ ಮನುಷ್ಯ ಪಟ್ಟ ಪಾಡು ದೇವರಿಗೇ ಪ್ರೀತಿ. 2020ರಲ್ಲಿ ತೀರಿಕೊಂಡರು, ಎಚ್‌ಐವಿಯಿಂದಲ್ಲ, ಅದೇ ಕ್ಯಾನ್ಸರ್ ತಿರುಗಿ ಬಂದು. ಆಮೇಲೆ ಲಂಡನ್‌, ಡ್ಯೂಸೆಲ್‌ಡಾರ್ಫ್‌ ಮುಂತಾದ ಕಡೆ ಇನ್ನು ಕೆಲವರಿಗೆ ಹೀಗೆ ಆಗಿದೆ. ಇಡೀ ಜಗತ್ತಿನಲ್ಲಿ ಬೆರಳಲ್ಲಿ ಎಣಿಸುವಷ್ಟು ಜನ. ಇವರೆಲ್ಲರಿಗೂ ರಕ್ತದ ಕ್ಯಾನ್ಸರಿನಂಥ ಕಾಯಿಲೆ ಇತ್ತು. ಮಜ್ಜೆ ಬದಲಿಸುವುದು ಅಂದರೆ ಮೊದಲು ಇರುವ ಮಜ್ಜೆಯನ್ನು ವಿಷದಂಥ ಔಷಧಿಯಿಂದ ಸುಡುವುದು. ಅದರಲ್ಲೇ ಜೀವ ಹೋಗುವವರಿದ್ದಾರೆ. ದಿನಕ್ಕೊಂದು ಮಾತ್ರೆಯಲ್ಲಿ ಹೊಲದ ಕೆಲಸ ಮಾಡಿಕೊಂಡು ಓಡಾಡುವವರಿಗೆ ಯಾವ ಡಾಕ್ಟರೂ ಅದನ್ನು ಮಾಡಬಾರದು.

ಅಲ್ಲದೆ ಮಜ್ಜೆ ಹೊಂದುವ ಸಾಧ್ಯತೆ ಹೆಚ್ಚಿರುವುದು ಒಡಹುಟ್ಟಿದವರದು. ಹೆಂಡತಿಯದು ಹೊಂದುವುದು ಬಹಳ ಅಪರೂಪ. ಹೊಂದಿದರೂ ನಿಮ್ಮ ಕಣಗಳಿಗೆ ಮೂಗು ಇದೆ.

ಮೂಗಿಲ್ಲದ ಮಜ್ಜೆಯೂ ಪೂರ್ತಿ ಕಾವಲಲ್ಲ. ಜರ್ಮನಿಯ ಎಸೆನ್‌ನಲ್ಲಿ ಒಬ್ಬರಿಗೆ ಹೀಗೇ ಡೆಲ್ಟಾ32 ಮಜ್ಜೆ ಹಾಕಿದರು. ವೈರಸ್ ತಿರುಗಿ ಬಂತು. ಅದು ಸಿಸಿಆರ್5 ಬಿಟ್ಟು ಸಿಎಕ್ಸ್‌ಸಿಆರ್4 ಹಿಡಿಯುವ ಬಗೆ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ದಾಟುವುದು ಸಿಸಿಆರ್5 ಹಿಡಿಯುವ ವೈರಸ್ಸೇ. ಚಿಕಿತ್ಸೆ ಇಲ್ಲದೆ ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಅದು ಮೂಗು ಬದಲಿಸುತ್ತದೆ. ಆಗ ಹೊಸ ಟಿ ಕಣಗಳೂ ಬಲಿಯಾಗಿ ಸಿಡಿ4 ಸರ್ರನೆ ಇಳಿಯುತ್ತದೆ. ಭಾರತದಲ್ಲಿ ಹೆಚ್ಚಾಗಿರುವ ಸಿ ಅನ್ನುವ ಬಗೆ ಹೀಗೆ ಬದಲಾಗುವುದು ಕಡಿಮೆ. ಇನ್ನೊಂದು ಕಡೆ, ಜಿನೀವಾದ ಒಬ್ಬರಿಗೆ ಸಾಮಾನ್ಯ ಮೂಗಿರುವ ದಾನಿಯ ಮಜ್ಜೆ ಹಾಕಿದರೂ ವೈರಸ್ ಮರಳಲಿಲ್ಲ. ಅಂದರೆ ಹೊಸ ಮಜ್ಜೆಯ ಕಣಗಳು ಹಳೆಯ ಕಣಗಳನ್ನು ಕೊಂದು ಹಾಕುವುದರಲ್ಲೇ ಅರ್ಧ ಕೆಲಸ ಆಗುತ್ತದೆ. ವೈರಸ್ ಅವಿತಿರುವುದು ಆ ಹಳೆಯ ಕಣಗಳಲ್ಲೇ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರದಲ್ಲಿ ಎದ್ದು ಬರುವುದೂ ಅಲ್ಲಿಂದಲೇ.

ಸಿಎಕ್ಸ್‌ಸಿಆರ್4 ಬಗ್ಗೆ ಒಂದು ಸ್ವಾರಸ್ಯ ಇದೆ, ಪ್ರಶ್ನೆಗೆ ಸಂಬಂಧವಿಲ್ಲ, ಆದರೂ ಹೇಳುತ್ತೇನೆ. ರಕ್ತದ ತಾಯಿಕಣಗಳು, ಅಂದರೆ ಎಲ್ಲ ರಕ್ತಕಣ ಹುಟ್ಟಿಸುವ ಸ್ಟೆಮ್ ಸೆಲ್‌ಗಳು, ಮಜ್ಜೆಯಲ್ಲೇ ಉಳಿಯುವುದು ಈ ಮೂಗಿನಿಂದ. ಈ ಮೂಗೇ ಇಲ್ಲದ ಇಲಿಮರಿ ಹುಟ್ಟಿ ಬದುಕುವುದಿಲ್ಲ. ಎಚ್‌ಐವಿಗೆ ಅಂತ ಈ ಮೂಗು ಮುಚ್ಚುವ ಒಂದು ಔಷಧಿ ಮಾಡಿದರು. ಎಚ್‌ಐವಿಗೆ ಅದು ಒದಗಲಿಲ್ಲ. ಆದರೆ ಕೊಟ್ಟವರ ರಕ್ತದಲ್ಲಿ ಬಿಳಿ ಕಣ ಏರಿತು! ತಾಯಿಕಣಗಳು ಮಜ್ಜೆಯ ವಾಸನೆ ತಿಳಿಯದೆ ರಕ್ತಕ್ಕೆ ಬಂದುಬಿಟ್ಟಿದ್ದವು. ಅದೇ ಪ್ಲೆರಿಕ್ಸಾಫೋರ್. 2008ರಿಂದ ಕ್ಯಾನ್ಸರ್ ರೋಗಿಗಳ ತಾಯಿಕಣ ತೆಗೆಯಲು ಬಳಸುತ್ತಾರೆ.

ಸಿಸಿಆರ್5 ಮುಚ್ಚುವ ಮಾತ್ರೆಯೂ ಇದೆ. ಮಾರಾವಿರಾಕ್, 2007ರಲ್ಲಿ ಬಂತು. ಕೊಡುವ ಮೊದಲು ರೋಗಿಯ ವೈರಸ್ ಯಾವ ಮೂಗು ಹಿಡಿಯುತ್ತದೆ ಅಂತ ಬೇರೆ ಪರೀಕ್ಷೆ ಬೇಕು. ಈಗ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದು ಮಾತ್ರೆ ಯಾವ ಮೂಗಿನಿಂದ ಬಂದ ವೈರಸ್ಸನ್ನಾದರೂ ಒಳಗೇ ಕಟ್ಟಿಹಾಕುತ್ತದೆ. ಹಾಗಾಗಿ ಮಾರಾವಿರಾಕ್ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ.

ಮೂಗು ಇಲ್ಲದಿರುವುದು ವರವೂ ಅಲ್ಲ. ಡೆಲ್ಟಾ32 ಎರಡೂ ಪ್ರತಿ ಇರುವವರು ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಸೊಳ್ಳೆಯಿಂದ ಬರುವ ವೆಸ್ಟ್ ನೈಲ್ ವೈರಸ್ ತಗಲಿದರೆ ಅವರಿಗೆ ಕಾಯಿಲೆ ಜೋರಾಗುತ್ತದೆ. ಮಿದುಳಿಗೆ ಹೋಗಬೇಕಾದ ಕಣಗಳಿಗೆ ದಾರಿ ಸಿಗುವುದಿಲ್ಲ. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಅನ್ನುವವನು ಹುಟ್ಟುವ ಮೊದಲೇ ಮಕ್ಕಳ ಸಿಸಿಆರ್5 ಜೀನ್ ಕತ್ತರಿಸಿ ದೊಡ್ಡ ಗದ್ದಲ ಮಾಡಿದ. ಜೈಲಿಗೂ ಹೋದ. ಅಪ್ಪನಿಗೆ ಎಚ್‌ಐವಿ ಇದ್ದರೆ ಮಗುವಿಗೆ ಬಾರದಂತೆ ಮಾಡಲು ಸುಲಭದ ದಾರಿಗಳು ಇದ್ದೇ ಇದ್ದವು. ನನ್ನ ಪ್ರಕಾರ ಅದು ವಿಜ್ಞಾನ ಅಲ್ಲ, ಹುಚ್ಚು.

ನೀವು ಮಾಡಬೇಕಾದದ್ದು ಈಗ. ಮುಂದಿನ ಸಲ ಮಾತ್ರೆ ತರಲು ಇಬ್ಬರೂ ಹೋಗಿ. ಅವರ ಕೊನೆಯ ವೈರಲ್ ಲೋಡ್ ಯಾವಾಗ ಆಯಿತು, ಎಷ್ಟು ಬಂತು ಅಂತ ಕೇಳಿ. ವರ್ಷಕ್ಕೊಮ್ಮೆ ಆಗಲೇಬೇಕು, ದುಡ್ಡು ಕೊಡಬೇಕಾಗಿಲ್ಲ. ಆ ಸಂಖ್ಯೆಯೇ ನಿಮ್ಮ ‘ಗಟ್ಟಿ ರಕ್ತ’. ನಿಮ್ಮ ಪರೀಕ್ಷೆಯೂ ನಿಲ್ಲಿಸಬೇಡಿ. ಕಾಂಡೋಮ್ ಬಿಡುವ ಮಾತು, ಮಗು ಬೇಕು ಅನ್ನುವ ಮಾತು ಇದ್ದರೆ ಆ ಸಂಖ್ಯೆ ಮುಂದಿಟ್ಟುಕೊಂಡು ಅಲ್ಲಿನ ಡಾಕ್ಟರ ಹತ್ತಿರ ಬಿಡಿಸಿ ಮಾತಾಡಿ. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನಗಳಲ್ಲಿ ನಿದ್ದೆ ಇರಲ್ಲ, ಊಟ ಇರಲ್ಲ, ಮಾತ್ರೆಯೂ ಮರೆತುಹೋಗುತ್ತದೆ ಅಂತ ನಿಮ್ಮ ಕಡೆಯ ಎಷ್ಟೋ ಜನ ನನಗೆ ಹೇಳಿದ್ದಾರೆ. ಆ ವಾರ ಮಾತ್ರೆ ಡಬ್ಬಿಯನ್ನು ಹುಳದ ಮನೆಯಲ್ಲೇ, ಕೈಗೆ ಸಿಗುವ ಕಡೆ ಇಡಿ. ಯಾರಿಗೂ ಕೇಳಲಾಗದ ಪ್ರಶ್ನೆ ಬಂದರೆ 1097ಕ್ಕೆ ಫೋನ್ ಮಾಡಿ, ಹೆಸರು ಹೇಳಬೇಕಾಗಿಲ್ಲ. ಟೆಸ್ಟಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಹೊಸ ಬಲೆ ತಗೊಳ್ಳಿ.